ರಾಗಿ ರೂಮಿನ ಸದ್ದು

ಮೊದಲು ಕಾಣೆಯಾದದ್ದು ಕುಕ್ಕರಿನ ವಿಷಲ್ಲು.

ಅದೇನು ಅಂಥ ದೊಡ್ಡ ವಸ್ತುವಲ್ಲ, ಒಪ್ಪುತ್ತೇನೆ. ಆದರೆ ಬೇಳೆ ತೊಳೆದು, ನೀರು ಹಾಕಿ, ಮುಚ್ಚಳ ಬಿಗಿದು, ಒಲೆ ಹಚ್ಚಿದ ಮೇಲೆ ಕೈ ಚಾಚಿದರೆ ಅದು ಇರಬೇಕಾದ ಮೊಳೆಯ ಮೇಲೆ ಇಲ್ಲ ಅಂದಾಗ ಗೊತ್ತಾಗುತ್ತದೆ. ಅರ್ಧ ಗಂಟೆ ಹುಡುಕಿದೆ. ಸಿಂಕಿನ ಕೊಳವೆಗೆ ಬೆರಳು ಹಾಕಿದೆ. ಊಟಕ್ಕೆ ಮುಂಚೆ ಒಂದು ಗಳಿಗೆ ಒರಗಿದ್ದ ನಮ್ಮ ಮನೆಯವರನ್ನು ಎಬ್ಬಿಸಿ ಅವರ ಅಂಗಿಯ ಜೇಬು ತಡಕಿದೆ. ಸಂಜೆ ನೋಡಿದರೆ ಅದೇ ಮೊಳೆಗೆ ಅದೇ ವಿಷಲ್ಲು ನೇತಾಡುತ್ತಿದೆ. ಕಳೆದ ವಸ್ತು ಸಿಕ್ಕಿದರೆ ನೀವು ಸಮಾಧಾನಪಡುವವರಿರಬಹುದು. ನನಗೆ ಮಾತ್ರ ತಾನಾಗಿ ವಾಪಸು ಬಂದ ವಸ್ತುವಿನ ಮೇಲೆ ಇನ್ನಷ್ಟು ಅನುಮಾನ.

ಈ ಗುಣ ನನಗೆ ತವರಿನಿಂದ ಬಂದದ್ದು. ನಮ್ಮಪ್ಪ ಮಿಡಿಗೇಶಿಯಲ್ಲಿ ಕುರಿ ಮೇಯಿಸುತ್ತಿದ್ದವರು. ಸಂಜೆ ಮಂದೆ ಹಟ್ಟಿಗೆ ಬಂದಾಗ ಬಾಗಿಲಲ್ಲಿ ನಿಂತು ಒಂದು ಸಲ ಎಣಿಸುತ್ತಿದ್ದರು, ಒಳಗೆ ಕೂಡಿದ ಮೇಲೆ ಇನ್ನೊಂದು ಸಲ. ಎರಡೂ ಸಲ ಒಂದೇ ಸಂಖ್ಯೆ ಬಂದರೆ, ಇಷ್ಟು ಸರಿಯಾಗಿ ಹೇಗೆ ಬಂತು ಎಂದು ಮೂರನೇ ಸಲ ಎಣಿಸುತ್ತಿದ್ದರು. ಒಂದು ಸಂಜೆ ಒಂದು ಮರಿ ಕಮ್ಮಿ ಬಂತು. ಅಪ್ಪ ಯೋಚನೆಯನ್ನೂ ಮಾಡದೆ ಪಕ್ಕದ ಹಟ್ಟಿಯ ಬಸಣ್ಣನ ಮನೆ ಮುಂದೆ ಹೋಗಿ ಆಡಬಾರದ್ದೆಲ್ಲ ಆಡಿ ಬಂದರು. ಬೆಳಗ್ಗೆ ನಮ್ಮಜ್ಜಿಯ ಕಂಬಳಿಯೊಳಗಿಂದ ಮರಿ ಮೂತಿ ಹೊರಗೆ ಹಾಕಿ ಬ್ಯಾ ಅಂದಿತು. ಅದಕ್ಕೆ ಶೀತವಾಗಿದೆ ಎಂದು ಅಜ್ಜಿ ಮಗ್ಗುಲಲ್ಲಿ ಮಲಗಿಸಿಕೊಂಡಿದ್ದಳು. ಅಪ್ಪ ಬಸಣ್ಣನ ಮನೆಗೆ ಹೋಗಲಿಲ್ಲ. ಅವರಿಗೆ ಬಯ್ಯುವುದು ಗೊತ್ತಿತ್ತು, ಬೈದ ಮಾತನ್ನು ವಾಪಸು ತೆಗೆದುಕೊಳ್ಳುವುದು ಹೇಗೆಂದು ಗೊತ್ತಿರಲಿಲ್ಲ. ಎರಡು ಮನೆಗೂ ವರ್ಷಗಟ್ಟಲೆ ಮಾತಿರಲಿಲ್ಲ.

ಇಂಥ ಅಪ್ಪನ ಮಗಳು ಹೈಸ್ಕೂಲು ಮೇಡಮ್ಮಾದರೆ ಏನಾಗುತ್ತದೆ? ಪರೀಕ್ಷೆಯ ದಿನ ನಾನು ಕೊಠಡಿಗೆ ಬರುತ್ತೇನೆಂದರೆ ಮಕ್ಕಳು ಮೊದಲೇ ಅಳುತ್ತಿದ್ದರು. ಒಮ್ಮೆ ಒಬ್ಬಳು ಹುಡುಗಿ ಪದೇ ಪದೇ ಸೊಂಟಕ್ಕೆ ಕೈ ಹಾಕುವುದನ್ನು ನೋಡಿ, ಕಾಪಿ ಚೀಟಿ ಹಿಡಿದೆ ಅಂದುಕೊಂಡು, ಎಲ್ಲರ ಮುಂದೆ ಅದನ್ನು ತೆಗೆಸಿದೆ. ಬಿಚ್ಚಿ ನೋಡಿದರೆ ದೇವಸ್ಥಾನದ ಕುಂಕುಮ. ನಾನು ತಪ್ಪಾಯಿತು ಅನ್ನಲಿಲ್ಲ. ಕುಂಕುಮ ಅವಳ ಉತ್ತರ ಪತ್ರಿಕೆಯ ಮೇಲೆಲ್ಲ ಚೆಲ್ಲಿತ್ತು. ಊದಿ ಊದಿ ಬರೆದಳು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಮುಂದಿನದನ್ನು ಓದುವಾಗ ನನ್ನ ಮೇಲೆ ಸ್ವಲ್ಪ ಕರುಣೆ ಇರಲಿ ಎಂದು.

ನಮ್ಮ ಮನೆ ಮಧುಗಿರಿಯಲ್ಲಿ, ಬೆಟ್ಟದ ಬುಡದ ಕಡೆಗೆ. ಮನೆಯವರು ಬಸ್ಸಿನ ಮೆಕ್ಯಾನಿಕ್ ಆಗಿದ್ದವರು. ಎಂಜಿನ್ ಸದ್ದಿಗೆ ಅವರ ಒಂದು ಕಿವಿ ಹೋಗಿದೆ. ಯಾವ ಕಿವಿ ಎಂಬುದು ನಾನು ಏನು ಕೇಳುತ್ತೇನೆ ಎನ್ನುವುದರ ಮೇಲೆ ಬದಲಾಗುತ್ತಿರುತ್ತದೆ. ಮಗ ಮಂಜು ಕೊರಟಗೆರೆಯಲ್ಲಿ ಪಶು ಆಸ್ಪತ್ರೆಯ ಕೆಲಸದಲ್ಲಿದ್ದಾನೆ. ಬೆಳಗ್ಗೆ ಎಂಟಕ್ಕೆ ಹೊರಟರೆ ದನಕರುಗಳ ಕೃಪೆಯಿದ್ದಾಗ ಏಳಕ್ಕೆ ಬರುತ್ತಾನೆ. ಅವನ ಹೆಂಡತಿ ಶಿರೀಷ, ಪಾವಗಡದ ಆಚೆ ನಾಗಲಮಡಿಕೆಯವಳು. ಇಲ್ಲೇ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಮಧ್ಯಾಹ್ನ ಒಂದಕ್ಕೆ ಬಂದು, ಉಂಡು, ಪಾತ್ರೆ ತೊಳೆದಿಟ್ಟು, "ಸ್ವಲ್ಪ ಕೆಲ್ಸ ಐತೆ ಅತ್ತೆಮ್ಮ" ಎಂದು ಹಿತ್ತಿಲ ಕಡೆಯ ರಾಗಿ ರೂಮಿಗೆ ಹೋಗುತ್ತಿದ್ದಳು. ಊರಿನಿಂದ ಬಂದ ರಾಗಿ ಮೂಟೆ ಜೋಡಿಸುವುದಕ್ಕೆ ಇಟ್ಟುಕೊಂಡ ಕೋಣೆ ಅದು. ಒಂದು ಪುಟ್ಟ ಕಿಟಕಿ, ಒಂದು ಫ್ಯಾನು. ಒಳಗಿಂದ ಚಿಲಕ ಬೀಳುತ್ತಿತ್ತು.

ಬೀಳಲಿ ಬಿಡಿ, ವಯಸ್ಸಿನ ಹುಡುಗಿ, ಒಂದು ಗಂಟೆ ಮಲಗಿಕೊಳ್ಳಲಿ ಎಂದುಕೊಂಡಿದ್ದೆ. ಆದರೆ ಒಂದು ದಿನ ಅವಳು, "ಒಂದು ಗಂಟೆ ಮಿಕ್ಸಿ ಹಾಕ್ಬೇಡ್ರಿ ಅತ್ತೆಮ್ಮ" ಅಂದಳು. ಇನ್ನೊಂದು ದಿನ ರಾಗಿ ರೂಮಿನ ಕಿಟಕಿಯ ಬಳಿ ಬಟ್ಟೆ ಹರವಲು ಹೋದಾಗ ಗಮನಿಸಿದೆ. ಏಪ್ರಿಲ್ ತಿಂಗಳ ಬಿಸಿಲು, ಬೆಟ್ಟದ ಬಂಡೆ ಕಾದು ಊರೆಲ್ಲ ಹೆಂಚಾಗಿದೆ, ಆ ರೂಮಿನಿಂದ ಫ್ಯಾನಿನ ಸದ್ದೇ ಇಲ್ಲ. ಕರೆಂಟಿತ್ತು. ಅವಳು ಫ್ಯಾನ್ ಆರಿಸಿಕೊಂಡು, ಕಿಟಕಿ ಮುಚ್ಚಿಕೊಂಡು ಒಳಗೆ ಕೂತಿದ್ದಳು. ಮೂರೂವರೆಗೆ ಹೊರಗೆ ಬಂದವಳ ರವಿಕೆ ಬೆವರಿಗೆ ಮೈಗಂಟಿತ್ತು. ಮುಖ ನೋಡಿದರೆ ಜಾತ್ರೆಗೆ ಹೋಗಿ ಬಂದವಳ ಹಾಗೆ ಬೆಳಗುತ್ತಿತ್ತು.

ಪಕ್ಕದ ಮನೆಯ ಜಯಕ್ಕನ ಹತ್ತಿರ ಬಾಯಿ ಬಿಡಬಾರದಿತ್ತು, ಬಿಟ್ಟೆ.

"ಫ್ಯಾನೂ ಆರುಸ್ಕಂಡು ಕುಂತವ್ಳಾ?" ಜಯಕ್ಕ ಎಲೆಗೆ ಸುಣ್ಣ ಸವರುತ್ತಿದ್ದವಳು ನಿಲ್ಲಿಸಿದಳು. "ಅಂಗಾದ್ರೆ ಫೋನೇ ಕಣಮ್ಮ. ಫ್ಯಾನ್ ಸದ್ದಿಗೆ ಆ ಕಡೆಯೋನಿಗೆ ಕೇಳ್ಸಕಿಲ್ಲ ಅಂತ."

"ಆ ಕಡೆಯೋನು ಅಂದ್ರೆ?"

"ನಾನೇನ್ ಹೇಳ್ಳಿ ಬುಡು. ಮೇಡಮ್ಮು ನೀನು, ಓದ್ದೋಳು."

ಓದಿದವಳು ಮಾರನೆಯ ದಿನ ಒಂದು ಸ್ಟೀಲ್ ಲೋಟ ತೆಗೆದುಕೊಂಡು ಹೋಗಿ ರಾಗಿ ರೂಮಿನ ಬಾಗಿಲಿಗೆ ಬೋರಲು ಹಾಕಿ, ಅದಕ್ಕೆ ಕಿವಿಯಿಟ್ಟು ನಿಂತಳು. ಮೊದಲು ಏನೂ ಇಲ್ಲ. ಆಮೇಲೆ ಶಿರೀಷಳ ದನಿ, ಪಿಸುಗುಟ್ಟುವಷ್ಟು ಸಣ್ಣಗೆ:

"ಯಾರಿಗೂ ಹೇಳಬೇಡ... ನಾನಿಲ್ಲಿ ಇಲ್ಲ..."

ಲೋಟವನ್ನು ಇನ್ನಷ್ಟು ಒತ್ತಿಹಿಡಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಯಾರಿಗೂ ಹೇಳಬೇಡ... ನಾನಿಲ್ಲಿ ಇಲ್ಲ..." ಮತ್ತೊಮ್ಮೆ, ಈ ಸಲ 'ಇಲ್ಲ' ಅನ್ನುವುದನ್ನು ಎಳೆದು. ಒಮ್ಮೆ ಕಿಸಕ್ಕೆಂದು ನಕ್ಕಳು. ಒಮ್ಮೆ "ಛೀ" ಅಂದಳು. ಮತ್ತೆ ಅದೇ ಮಾತು. ನಾನು ಬೆರಳು ಮಡಚಿ ಎಣಿಸಿದೆ, ಹನ್ನೊಂದು ಸಲ. ಆ ಕಡೆಯವನು ಎಂಥ ದಡ್ಡನಿರಬೇಕು, ಹನ್ನೊಂದು ಸಲ ಹೇಳಿದರೂ ತಿಳಿಯದವನು!

"ಬಾಗ್ಲಿಗೆ ಕಾಫಿ ಕುಡಿಸ್ತಾ ಇದ್ದೀಯಾ?" ಹಿಂದಿನಿಂದ ನಮ್ಮ ಮನೆಯವರು ಕೇಳಿದರು. ಲೋಟ ಕೈಜಾರಿ ಠಣ್ಣೆಂದು ಬಿತ್ತು. ಒಳಗಿನ ದನಿ ನಿಂತಿತು. ನಾನು ಅಡಿಗೆಮನೆಗೆ ಓಡಿದ ಓಟವನ್ನು ನೀವು ನೋಡಬೇಕಿತ್ತು.

ಭಾನುವಾರ ಮಂಜು ಮನೆಯಲ್ಲಿದ್ದ. ನಾನು ಅವನಿಗೆ ಏನೂ ಹೇಳಲಿಲ್ಲ. ತಲೆಗೆ ಎಣ್ಣೆ ಹಚ್ಚುತ್ತಾ ಸುಮ್ಮನೆ ಒಂದು ಮಾತು ಕೇಳಿದೆ, ಅಷ್ಟೇ: "ಮಧ್ಯಾಹ್ನ ಶಿರೀಷ ನಿನ್ಗೆ ಫೋನ್ ಮಾಡ್ತಾಳೇನೋ?"

"ಇಲ್ವಲ್ಲಮ್ಮ. ಯಾಕೆ?"

"ಏನಿಲ್ಲ. ರಾಗಿ ರೂಮ್ನಲ್ಲಿ ಬಾಗ್ಲಾಕ್ಕಂಡು ದಿನಾ ಮಾತಾಡ್ತಿರ್ತಾಳೆ. ನಿನ್ ಹತ್ರ ಅನ್ಕಂಡೆ."

ನನ್ನ ಬೆರಳ ಕೆಳಗೆ ಅವನ ತಲೆ ಬಿಗಿಯಾದದ್ದು ನನಗೆ ತಿಳಿಯಿತು. ಆಗಲಾದರೂ 'ಅಂಗಲ್ಲ ಕಣೋ, ನಂಗೇನೂ ಗೊತ್ತಿಲ್ಲ' ಅನ್ನಬಹುದಿತ್ತು. ಅನ್ನಲಿಲ್ಲ. ಇನ್ನಷ್ಟು ಎಣ್ಣೆ ಸುರಿದೆ.

ಮಧ್ಯಾಹ್ನ ಅವರ ಕೋಣೆಯಿಂದ ಮೆಲುದನಿಯ ಮಾತು ಕೇಳಿಸಿತು. ಅವನದೇ ಹೆಚ್ಚು. "ಏನ್ ಮಾಡ್ತೀಯ ಅಂತ ಹೇಳೋಕೆ ಏನು ಕಷ್ಟ?" ಅನ್ನುವುದು ಮಾತ್ರ ಸ್ಪಷ್ಟವಾಗಿತ್ತು. ಸೋಮವಾರ ಬೆಳಗ್ಗೆ ಅವಳು ಒಂದು ಬ್ಯಾಗು ಹಿಡಿದು ನನ್ನ ಕಾಲಿಗೆ ನಮಸ್ಕಾರ ಮಾಡಿ, "ಶಾಲೆಗೆ ಹೆಂಗೂ ರಜ. ಅಮ್ಮಂಗೆ ಮಂಡಿ ನೋವಂತೆ, ಹೋಗ್ಬತ್ತೀನಿ" ಅಂದಳು. ಕಣ್ಣು ಊದಿದ್ದವು.

ಒಂದು ವಾರವಾಯಿತು. ಹತ್ತು ದಿನವಾಯಿತು. ಮಂಜು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ಮುದ್ದೆ ಇನ್ನೊಂದು ಹಾಕಲಾ ಅಂದರೆ ತಲೆ ಅಲ್ಲಾಡಿಸುತ್ತಿದ್ದ. ನನ್ನ ಮಗನನ್ನು ನಾನೇ ಮನೆಯಲ್ಲಿ ಒಂಟಿ ಮಾಡಿದೆನೇನೋ ಎಂದು ಒಂದು ಗಳಿಗೆ ಅನಿಸುತ್ತಿತ್ತು. ಮರುಗಳಿಗೆಯೇ, ತಪ್ಪಿಲ್ಲದವಳು ಯಾಕೆ ಹೋಗಬೇಕು ಎಂದು ನನ್ನ ತಲೆಯೊಳಗಿನ ಪರೀಕ್ಷಾ ಮೇಡಮ್ಮು ಎದ್ದು ನಿಲ್ಲುತ್ತಿದ್ದಳು.

ಆ ಮೇಡಮ್ಮೇ ಒಂದು ಮಧ್ಯಾಹ್ನ ನನ್ನನ್ನು ರಾಗಿ ರೂಮಿನೊಳಕ್ಕೆ ನೂಕಿದ್ದು.

ಒಳಗೆ ಕಾಲಿಟ್ಟ ಕೂಡಲೇ ನನ್ನ ಕಿವಿ ಮುಚ್ಚಿಹೋದಂತಾಯಿತು. ಗೋಡೆಯ ಮೇಲೆ ನನ್ನ ತವರಿನ ಎರಡು ಕಂಬಳಿಗಳನ್ನು ಮೊಳೆ ಹೊಡೆದು ಇಳಿಬಿಟ್ಟಿದ್ದಳು. ಟ್ರಂಕಿನಲ್ಲಿವೆ ಎಂದೇ ನಾನು ತಿಳಿದಿದ್ದೆ. ರಾಗಿ ಮೂಟೆಗಳನ್ನು ಮೂರು ಕಡೆ ಎದೆಮಟ್ಟಕ್ಕೆ ಒಟ್ಟಿದ್ದಳು. ನಡುವೆ ಒಂದು ಸ್ಟೂಲು. ಅದರ ಮುಂದೆ ಸೈಕಲ್ ಹ್ಯಾಂಡಲಿನ ಕೊಳವೆಗೆ ಬೆಸುಗೆ ಹಾಕಿದ ಕಬ್ಬಿಣದ ಸ್ಟ್ಯಾಂಡು, ತುದಿಯಲ್ಲಿ ಒಂದು ಮೈಕು. ಮೈಕಿನ ಮುಂದೆ ನನ್ನ ಕಸೂತಿಯ ದುಂಡು ಚೌಕಟ್ಟು, ಅದಕ್ಕೆ ಬಿಗಿದ ತೆಳ್ಳನೆಯ ಕಾಲುಚೀಲ. ಸ್ಟೂಲಿನ ಮೇಲೊಂದು ನೋಟ್‌ಬುಕ್ಕು.

ಬೇರೆಯವರ ನೋಟ್‌ಬುಕ್ಕು ತೆರೆಯಬಾರದೆಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನೇ. ತೆರೆದೆ.

"ಕುಕ್ಕರ್ ವಿಷಲ್, ಮೂರನೇದು ಚೆನ್ನಾಗಿದೆ. ಮಾವಯ್ಯನ ಆಕಳಿಕೆ. ಮೊರದಲ್ಲಿ ರಾಗಿ ಕೇರೋದು. ಅಮ್ಮನ ಊರ ಸೋಲಾರ್ ಪೆಟ್ಟಿಗೆ ಗುಂಯ್ ಅನ್ನೋದು." ಪುಟ ಮಗುಚಿದೆ. ಮೇಲೆ ಕೆಂಪು ಶಾಯಿಯಲ್ಲಿ, "ಅತ್ತೆಮ್ಮ, ಒಟ್ಟು ಎಂಟು ಫೈಲು." ಅದರ ಕೆಳಗೆ: "ಬಾಗಿಲ ಹೊರಗೆ ನಿಂತ ಉಸಿರು. ಬಳೆ. ತಮ್ಮಷ್ಟಕ್ಕೆ ಗೊಣಗೋದು. ಲೋಟ ಬಿದ್ದಿದ್ದು."

ಫೈಲು! ಫೈಲು ಅನ್ನುವುದು ಎಲ್ಲಿರುತ್ತದೆ? ಕೋರ್ಟಿನಲ್ಲಿ ಇರುತ್ತದೆ. ಸೊಸೆ ಅತ್ತೆಯ ಉಸಿರನ್ನೂ ಬಿಡದೆ ಮೈಕಿನಲ್ಲಿ ಹಿಡಿದಿಡುವುದು ಇನ್ಯಾತಕ್ಕೆ? ಅವಳ ತವರಿನಿಂದ ನಾವು ಎರಡು ಸೀರೆ ಬಿಟ್ಟರೆ ಏನೂ ತಂದಿರಲಿಲ್ಲ. ಆದರೂ ಪೊಲೀಸು, ವಕೀಲರು, ಕಟಕಟೆ ಎಲ್ಲವೂ ಆ ಮೂಟೆಗಳ ನಡುವೆ ನನಗೆ ಕಂಡವು.

ನಡುಮನೆಯಲ್ಲಿ ಪೇಪರು ಓದುತ್ತಿದ್ದ ಮನೆಯವರ ಮುಂದೆ ನೋಟ್‌ಬುಕ್ಕು ಹಿಡಿದೆ. "ನೋಡ್ರಿ, ಸಾಕ್ಷಿ ಕೂಡಿಸಿದ್ದಾಳೆ ನಿಮ್ಮ ಸೊಸೆ. ಕೇಸು ಹಾಕ್ತಾಳೆ ನಮ್ಮ ಮೇಲೆ."

ಅವರು ಓದಿದರು. "ಆಕಳಿಕೆನೂ ಬರ್ಕಂಡವ್ಳೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೇ, ಅದು ಹಾಡು ಕಣೇ. ಹಾಡು ಮಾಡ್ತಾವ್ಳೆ ಹುಡುಗಿ. ಆ ಸ್ಟ್ಯಾಂಡು ವೆಲ್ಡಿಂಗ್ ಮಾಡಿಸ್ಕೊಟ್ಟೋನು ನಾನೇ. ಮೈಕು ಶಿರಾದಲ್ಲಿ ಮದ್ವೆ ಮನೆಗೆ ಸೌಂಡ್ ಹಾಕೋ ಬಾಷಾ ಹತ್ರ ತಂದಿದ್ದು."

"ನಿಮಗೆ ಗೊತ್ತಿತ್ತಾ? ಮತ್ತೆ ಬಾಯಿ ಬಿಡೋಕೆ ಏನಾಗಿತ್ತು? ಮಗ ಸೊಸೆ ದೂರ ಆದ್ರಲ್ರೀ!"

ನಗು ನಿಂತಿತು. "ಪೂರ್ತಿ ಆಗೋ ತನಕ ಯಾರ್ಗೂ ಹೇಳ್ಬ್ಯಾಡಿ ಮಾವಯ್ಯ ಅಂದಿದ್ಲು. ತವರಿಗೆ ಹೋಗಿದ್ದು ಮಂಡಿನೋವಿಗೆ ಅಂತ್ಲೇ ನಾನೂ ಅನ್ಕಂಡಿದ್ದೆ. ನೀನು ಮಂಜಂಗೆ ಏನಂದೆ?"

ನಾನು ನೋಟ್‌ಬುಕ್ಕು ಮುಚ್ಚಿ ಎತ್ತಿಕೊಂಡೆ. ಅವರಿಗೆ ತಿಳಿಯಿತು. ಪೇಪರು ಮಡಚಿಟ್ಟು ಎದ್ದು ಹೋದರು.

ಅಷ್ಟಾದರೂ ನನಗೆ ಪೂರ್ತಿ ನಂಬಿಕೆ ಬಂದಿತೆಂದು ತಿಳಿಯಬೇಡಿ. ಸ್ಟ್ಯಾಂಡು ಮಾಡಿಸಿಕೊಟ್ಟವರಿಗೆ ಅದರ ಮುಂದೆ ಕೂತು ಅವಳು ಏನು ಮಾಡುತ್ತಾಳೆಂದು ಹೇಗೆ ಗೊತ್ತು? ಹಾಡಿಗೆ ಯಾರಾದರೂ ತಬಲ ಹಾಕುತ್ತಾರೆ, ಕುಕ್ಕರ್ ವಿಷಲ್ ಹಾಕುತ್ತಾರಾ? ಬೆಳಗ್ಗೆ ನೋಟ್‌ಬುಕ್ಕನ್ನು ಚೀಲದಲ್ಲಿಟ್ಟುಕೊಂಡು ಪಾವಗಡದ ಬಸ್ಸು ಹತ್ತಿದೆ. ಕ್ಷಮೆ ಕೇಳಲು ಹೋಗುತ್ತಿದ್ದೆನೋ, ಜಗಳಕ್ಕೆ ಹೋಗುತ್ತಿದ್ದೆನೋ ಎಂಬುದು ಬಸ್ಸು ಮಿಡಿಗೇಶಿ ದಾಟಿದರೂ ನನಗೇ ತೀರ್ಮಾನವಾಗಿರಲಿಲ್ಲ. ಪಾವಗಡದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆ. ಒಂದು ಪಕ್ಕದಲ್ಲಿ ಬಂಡೆ, ಇನ್ನೊಂದು ಪಕ್ಕದಲ್ಲಿ ಬಿಸಿಲಿಗೆ ಮುಖವೊಡ್ಡಿ ಮಲಗಿದ ಸೋಲಾರ್ ಹಲಗೆಗಳು, ಕಣ್ಣು ಬಿಡಲಾಗದಷ್ಟು ಹೊಳಪು.

ಬೀಗಿತ್ತಿ ನರಸಮ್ಮ ಬಾಗಿಲಲ್ಲೇ ಎದುರಾದರು. "ರಾ ವದಿನಾ, ಕೂಚೋ" ಎಂದು ತಮ್ಮ ತೆಲುಗಿನಲ್ಲಿ ಅತ್ತಿಗೆ ಎಂದು ಕರೆದು ಕೂರಿಸಿದರು. "ಇಷ್ಟು ಬಿಸ್ಲಲ್ಲಿ ಬಂದಿದೀರಿ, ಒಂದು ಫೋನಾದ್ರೂ ಮಾಡ್ಬಾರ್ದಾ?" ಎಂದು ಮಜ್ಜಿಗೆ ಕೊಟ್ಟರು. ಅವರು ಚುರುಕಾಗಿ ಓಡಾಡುವುದನ್ನು ನೋಡಿದೆ. ಮಂಡಿಗೆ ಏನೂ ಆಗಿರಲಿಲ್ಲ.

ಶಿರೀಷ ಹಜಾರದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ನಾನು ಚೀಲದಿಂದ ನೋಟ್‌ಬುಕ್ಕು ತೆಗೆದೆ. ಅವಳ ಮುಖ ಸುಟ್ಟುಕೊಂಡಂತಾಯಿತು.

"ಓದಿದ್ರಾ?"

"ಓದ್ದೆ. ನನ್ನ ಉಸಿರು ನಿನಗೆ ಯಾಕಮ್ಮ?"

ಅವಳು ಕೈ ತೊಳೆದುಕೊಂಡು ಬಂದು, ಫೋನಿನ ತಂತಿಯನ್ನು ನನ್ನ ಎರಡೂ ಕಿವಿಗೆ ತಾನೇ ಸಿಕ್ಕಿಸಿದಳು.

ಏನೆಂದು ಹೇಳಲಿ? ಮೊದಲು ದೂರದಲ್ಲಿ ಶಂಖ ಊದಿದಂತೆ ಒಂದು ಸದ್ದು, ಎಳೆದು ಎಳೆದು. ಅದು ನಮ್ಮ ಮನೆಯ ಕುಕ್ಕರ್ ಅಂತೆ, ನಿಧಾನ ಮಾಡಿದ್ದಂತೆ. ಮೊರದ ಸದ್ದು ತಾಳವಾಗಿ ಸೇರಿತು. ಹೊಟ್ಟೆಯೊಳಗೆ ನಡುಗುವಂಥ ಒಂದು ಗುಂಯ್. ಅದರ ಮೇಲೆ ಈ ಹುಡುಗಿಯ ದನಿ, ಕಿವಿಯಲ್ಲೇ ಕೂತು ಹೇಳಿದ ಹಾಗೆ: "ಯಾರಿಗೂ ಹೇಳಬೇಡ, ನಾನಿಲ್ಲಿ ಇಲ್ಲ, ಬಾಗಿಲು ತಟ್ಟಬೇಡ, ತಟ್ಟದೆ ಹೋಗಬೇಡ." ಮಧ್ಯೆ ಮಧ್ಯೆ ಯಾರೋ ಉಸಿರಾಡುತ್ತಿದ್ದರು. ಬಳೆ ಸರಿಯುತ್ತಿತ್ತು. ಬಾಗಿಲ ಹೊರಗೆ ಯಾರೋ ಒಬ್ಬರು ಬಹಳ ಹೊತ್ತಿನಿಂದ ನಿಂತಿದ್ದಾರೆ, ಒಳಗೆ ಬರಲಾರದೆ ನಿಂತಿದ್ದಾರೆ ಅನಿಸುತ್ತಿತ್ತು. ಠಣ್ಣೆಂದು ಲೋಟ ಬಿತ್ತು, ಹಾಡು ಮುಗಿಯಿತು.

ಚೆನ್ನಾಗಿತ್ತು ಎಂದು ಹೇಳಲಾರೆ. ನನಗೆ ಅರ್ಥವಾಗಲಿಲ್ಲ. ಪಲ್ಲವಿ ಎಲ್ಲಿ, ಚರಣ ಎಲ್ಲಿ? ಆದರೆ ಆ ಹೊರಗೆ ನಿಂತವಳ ಮೇಲೆ ನನಗೆ ಬಹಳ ಮರುಕ ಬಂತು. ಅದು ನಾನೇ ಎಂಬುದು ಒಂದು ಕ್ಷಣ ಮರೆತೇ ಹೋಗಿತ್ತು.

"ನೋಡೋಕೆ ಬಂದಾಗ ಹಾಡ್ತೀಯೇನಮ್ಮ ಅಂತ ಕೇಳಿದ್ದೆ. ಬರಲ್ಲ ಅಂದಿದ್ದೆ ನೀನು" ಅಂದೆ. ಆ ಹೊತ್ತಿಗೂ ತಪ್ಪು ಹುಡುಕುವುದೇ ನನ್ನ ಬುದ್ಧಿ.

"ದೇವರನಾಮ ಹಾಡು ಅಂತೀರ ಅಂತ ಭಯ ಆಯ್ತು ಅತ್ತೆಮ್ಮ. ನಂದು ಇಂಗೆ, ಇಂಥವು. ಹತ್ತು ಮಾಡ್ಬೇಕು ಅಂತಿದ್ದೆ, ಒಂಬತ್ತಾಗಿತ್ತು. ಎಲ್ಲಾ ಮುಗಿಸಿ ಒಂದು ದಿನ ಎಲ್ಲರ್ನೂ ಕೂಡಿಸಿ ಕೇಳ್ಸೋಣ ಅಂತ."

"ಮಂಜು ಕೇಳ್ದಾಗ ಆದ್ರೂ ಹೇಳ್ಬೋದಿತ್ತಲ್ಲ?"

ಅವಳು ನನ್ನ ಕಿವಿಯ ತಂತಿ ಬಿಚ್ಚಿಕೊಂಡಳು. "ಅನುಮಾನ ಇಟ್ಕಂಡು ಕೇಳ್ದೋರ್ಗೆ ಹಾಡು ಕೇಳ್ಸಿದ್ರೆ ಅದು ಸಾಕ್ಷಿ ಆಗುತ್ತೆ ಅತ್ತೆಮ್ಮ, ಹಾಡಾಗಲ್ಲ." ಆಮೇಲೆ ಸೇರಿಸಿದಳು: "ನಿಮ್ಮನ್ನ ಕೇಳ್ದೆ ನಿಮ್ಮ ಸದ್ದು ಹಿಡ್ದಿದ್ದು ನಂದೂ ತಪ್ಪೇ. ಬೇಡ ಅಂದ್ರೆ ಅಳಿಸ್ಬಿಡ್ತೀನಿ, ಈಗ್ಲೇ."

ಅವಳ ಬೆರಳು ಫೋನಿನ ಮೇಲಿತ್ತು. ನಾನು ಆಗ ತಪ್ಪಾಯಿತು ಅನ್ನಬೇಕಿತ್ತು. ಬಾಯಿಯವರೆಗೂ ಬಂದದ್ದು ಅಲ್ಲೇ ನಿಂತಿತು. "ಇರ್ಲಿ ಬಿಡು" ಅಂದೆ. ಆಮೇಲೆ, "ರಾಗಿ ರೂಮು ಹಂಗೇ ಇದೆ, ಮೂಟೆ ಕದಲ್ಸಿಲ್ಲ" ಅಂದೆ. ಅಷ್ಟೇ ನನ್ನ ಕೈಲಾದದ್ದು.

ಅಂದು ಸಂಜೆ ಮನೆಗೆ ಬಂದು ಮಂಜುವನ್ನು ಕೂಡಿಸಿಕೊಂಡು, ನಾನು ಲೋಟ ಹಿಡಿದು ನಿಂತದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವನು ನನ್ನನ್ನು ಬೈಯಲಿಲ್ಲ. "ನಾನು ನಿನ್ನ ಮಾತು ಕೇಳಿದ್ದು ನನ್ನ ತಪ್ಪಮ್ಮ" ಅಂದ. ಬೈದಿದ್ದರೇ ಚೆನ್ನಾಗಿತ್ತು. ಭಾನುವಾರ ಹೋಗಿ ಅವಳನ್ನು ಕರೆತಂದ. ಅವರಿಬ್ಬರ ನಡುವೆ ಏನು ಮಾತಾಯಿತೋ ಗೊತ್ತಿಲ್ಲ. ಕೇಳಬೇಕೆಂದು ಬಹಳ ಅನಿಸಿತು, ಕೇಳಲಿಲ್ಲ. ಒಂದಷ್ಟು ದಿನ ಅವಳು ಅವನ ಹತ್ತಿರ ಬೇಕಾದಷ್ಟೇ ಮಾತಾಡಿದಳು. ಆಮೇಲೊಂದು ದಿನ ಅವನ ಗೊರಕೆಯನ್ನು ಮೈಕಿನಲ್ಲಿ ಹಿಡಿದು ನಮಗೆಲ್ಲ ಕೇಳಿಸಿದಳು. ಅಂದು ಅವನು ಎರಡು ಮುದ್ದೆ ಉಂಡ.

ಹತ್ತು ಹಾಡಿನ ಆ ಆಲ್ಬಂ ಈಗ ನೆಟ್ಟಿನಲ್ಲಿದೆ. ಬಹಳ ಜನ ಕೇಳಿದ್ದಾರೆ ಅಂತೇನಿಲ್ಲ. ಯಾರೋ ಒಬ್ಬರು 'ಆ ಉಸಿರು ಯಾರದು?' ಎಂದು ಕೇಳಿದ್ದರಂತೆ. ಜಯಕ್ಕ ಪೂರ್ತಿ ಕೇಳಿ, "ಕುಕ್ಕರು ಕೆಟ್ಟೋಗೈತೆ, ರಿಪೇರಿ ಮಾಡಿಸ್ಕಳಿ" ಅಂದಳು.

ಅದಕ್ಕೂ ಮುಂಚೆ, ಹತ್ತನೆಯ ಹಾಡಿನ ಕೆಲಸದ ಕೊನೆಯ ದಿನ ಶಿರೀಷ ನನ್ನನ್ನು ರಾಗಿ ರೂಮಿನೊಳಗೆ ಕರೆದಿದ್ದಳು. ಯಾರೂ ಮಾತಾಡದಿದ್ದಾಗಲೂ ಕೋಣೆಗೆ ಅದರದೇ ಒಂದು ಸದ್ದು ಇರುತ್ತದಂತೆ, ಅದು ಬೇಕಂತೆ. "ಎರಡು ನಿಮಿಷ ಸುಮ್ನೆ ಕೂತ್ಕಳಿ, ಅಷ್ಟೇ" ಅಂದಳು. ಬಾಗಿಲು ಹಾಕಿದಳು. ಮೈಕು ಸದ್ದು ಹಿಡಿಯುತ್ತಿದೆ ಎನ್ನುವ ಕೆಂಪು ದೀಪ ಹತ್ತಿತು. ಇಬ್ಬರೂ ಎದುರುಬದುರು ಮೂಟೆಗೊರಗಿ ಕೂತೆವು. ಅವಳು ಕಣ್ಣು ಮುಚ್ಚಿದ್ದಳು. ಸೆಕೆಗೆ ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ನನ್ನ ಮೇಲೆ ಒಂದು ಚೂರೂ ಅನುಮಾನವಿಲ್ಲದೆ ಕೂತಿದ್ದಳು. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ನನ್ನಿಂದ ತಪ್ಪಾಯ್ತು ಕಣಮ್ಮ" ಅಂದುಬಿಟ್ಟೆ.

ದೀಪ ಇನ್ನೂ ಕೆಂಪಾಗಿತ್ತು. ಎರಡು ನಿಮಿಷದ ಕೆಲಸ ಕೆಡಿಸಿದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ. ಶಿರೀಷ ಕಣ್ಣು ತೆರೆಯಲಿಲ್ಲ.

"ಇನ್ನೊಂದ್ಸಲ ಹೇಳಿ ಅತ್ತೆಮ್ಮ," ಅಂದಳು, "ಹೊರಗೆ ಯಾವ್ದೋ ಗಾಡಿ ಹೋಯ್ತು."

ನನ್ನ ಕಿವಿ ಚೆನ್ನಾಗಿದೆ. ಯಾವ ಗಾಡಿಯೂ ಹೋಗಿರಲಿಲ್ಲ.

ಇನ್ನೊಮ್ಮೆ ಹೇಳಿದೆ.